ಕ್ಲಬ್ ಕೊಂಡವ್ರಿಗೆ ಬಣ್ಣಾನೂ ಸೇರಿ ಬರುತ್ತಾ?

2012ರ ಜೂನ್‌ನಲ್ಲಿ ವೇಲ್ಸ್‌ನ ಕಾರ್ಡಿಫ್ ಸಿಟಿ ಫುಟ್‌ಬಾಲ್ ಕ್ಲಬ್ಬು ಇನ್ಮೇಲೆ ನಮ್ಮ ಹೋಮ್ ಜರ್ಸಿ, ಅಂದ್ರೆ ತವರು ಮೈದಾನದಲ್ಲಿ ಹಾಕೋ ಜರ್ಸಿ, ಕೆಂಪು ಅಂತ ಹೇಳಿಬಿಡ್ತು. ಈ ಕ್ಲಬ್ಬಿನ ಅಡ್ಡಹೆಸರೇ ಬ್ಲೂಬರ್ಡ್ಸ್, ಅಂದ್ರೆ ನೀಲಿ ಹಕ್ಕಿಗಳು, ನೂರು ವರ್ಷದಿಂದ ನೀಲಿ ಹಾಕ್ಕೊಂಡೇ ಆಡ್ಕೊಂಡು ಬಂದ ಟೀಮು. ಅದಕ್ಕೆ ಎರಡು ವರ್ಷ ಮುಂಚೆ, 2010ರಲ್ಲಿ, ಮಲೇಷ್ಯಾದ ಉದ್ಯಮಿ ವಿನ್ಸೆಂಟ್ ಟಾನ್ ಮತ್ತು ಅವ್ರ ಜೊತೆಯವ್ರು ಕ್ಲಬ್ಬನ್ನ ತಗೊಂಡಿದ್ರು. ಏಷ್ಯಾದಲ್ಲಿ ಕೆಂಪು ಅಂದ್ರೆ ಶುಭ, ಡ್ರ್ಯಾಗನ್ ಅಂದ್ರೆ ಇನ್ನೂ ಶುಭ, ವೇಲ್ಸ್ ಬಾವುಟದಲ್ಲೂ ಕೆಂಪು ಡ್ರ್ಯಾಗನ್ ಇದ್ದೇ ಇದೆ, ಹಾಗಾಗಿ ಅಲ್ಲೂ ಸಲ್ಲುತ್ತೆ ಇಲ್ಲೂ ಸಲ್ಲುತ್ತೆ ಅನ್ನೋದು ಅವ್ರ ಲೆಕ್ಕ. ಬ್ಯಾಡ್ಜ್‌ನಲ್ಲಿ ರಾಜನ ಥರ ಇದ್ದ ನೀಲಿ ಹಕ್ಕಿ ಕೆಳಗಡೆ ಪುಟ್ಟದಾಗಿ ಕೂತ್ಕೊಂತು, ಅದರ ಜಾಗಕ್ಕೆ ಡ್ರ್ಯಾಗನ್ ಬಂತು. ಆಮೇಲೆ ಎರಡೂವರೆ ಸೀಸನ್ ಸ್ಟೇಡಿಯಂನಲ್ಲಿ ಕಂಡಿದ್ದು ವಿಚಿತ್ರ ದೃಶ್ಯ. ಮೈದಾನದಲ್ಲಿ ಕೆಂಪು ಟೀಮು, ಗ್ಯಾಲರಿಯಲ್ಲಿ ಹಳೇ ನೀಲಿ ಜರ್ಸಿ ಹಾಕ್ಕೊಂಡು, ನಾವು ಯಾವಾಗ್ಲೂ ನೀಲಿನೇ ಅಂತ ಹಾಡೋ ಜನ.

ಇದರ ಮರುವರ್ಷನೇ, 2013ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ಹಲ್ ಸಿಟಿಯ ಓನರ್ ಅಸ್ಸೆಮ್ ಅಲ್ಲಂ ಕ್ಲಬ್ಬಿನ ಹೆಸರನ್ನ ಹಲ್ ಟೈಗರ್ಸ್ ಅಂತ ಮಾಡ್ತೀನಿ ಅಂದ್ರು. ಬಣ್ಣ ಮುಟ್ಟಲಿಲ್ಲ, ಕಪ್ಪು ಮತ್ತು ಅಂಬರ್, ಅಂದ್ರೆ ಕಿತ್ತಳೆ ಮಿಶ್ರಿತ ಹಳದಿ, ಪಟ್ಟಿ ಹಂಗೇ ಇತ್ತು. ಟೈಗರ್ಸ್ ಅನ್ನೋದೂ ಹೊಸದೇನಲ್ಲ, ಅದು ಆ ಟೀಮಿನ ಹಳೇ ಅಡ್ಡಹೆಸರು. ಆದ್ರೂ ಇದು ಆಗ್ಲಿಲ್ಲ, ಕಾರ್ಡಿಫ್‌ದು ಆಯ್ತು! ನೂರು ವರ್ಷದ ಬಣ್ಣಾನೇ ಬುಡಮೇಲು ಮಾಡೋಕೆ ಯಾರೂ ಅಡ್ಡ ಬರ್ಲಿಲ್ಲ, ಹೆಸರಲ್ಲಿ ಒಂದು ಪದ ಬದಲಾಯಿಸೋಕೆ ಹೋದ್ರೆ ಬಾಗಿಲು ಹಾಕಿದ್ರು. ಯಾಕೆ ಅಂತ ಅರ್ಥ ಆದ್ರೆ ಟೇಕೋವರ್ ಆದಮೇಲಿನ ಈ ರೀಬ್ರ್ಯಾಂಡಿಂಗ್ ಗಲಾಟೆ ಮುಕ್ಕಾಲು ಭಾಗ ಅರ್ಥ ಆದಂಗೆ.

ಮೊದಲು ಟೇಕೋವರ್ ಅಂದ್ರೆ ಏನು ಅಂತ ನೋಡೋಣ. ಬಹಳಷ್ಟು ಫುಟ್‌ಬಾಲ್ ಕ್ಲಬ್ಬುಗಳು ಕಾನೂನಿನ ಕಣ್ಣಲ್ಲಿ ಒಂದು ಕಂಪನಿ ಅಷ್ಟೇ. ಅದರ ಷೇರು ಕೊಂಡ್ಕೊಂಡ್ರೆ ಕಂಪನಿ ನಿಮ್ಮದು. ಆಟಗಾರರ ಕಾಂಟ್ರಾಕ್ಟ್, ಸ್ಟೇಡಿಯಂ ಸ್ವಂತದ್ದಾದ್ರೆ ಅದು, ಬಾಡಿಗೆದಾದ್ರೆ ಅದರ ಕರಾರು, ಟಿವಿ ದುಡ್ಡಿನ ಪಾಲು, ಹಿಂದಿನವ್ರು ಮಾಡಿಟ್ಟ ಸಾಲ, ರಿಜಿಸ್ಟರ್ ಮಾಡಿಸಿರೋ ಟ್ರೇಡ್‌ಮಾರ್ಕ್, ಲೀಗ್‌ನಲ್ಲಿ ಆಡೋ ಹಕ್ಕು, ಎಲ್ಲಾ ಕಂಪನಿ ಹೆಸರಲ್ಲೇ ಇರೋದ್ರಿಂದ ಒಟ್ಟಿಗೆ ಬರುತ್ತೆ. ಅಭಿಮಾನಿಗಳು ಅನ್ನೋ ಐಟಂ ಆ ಪಟ್ಟಿಯಲ್ಲಿ ಎಲ್ಲೂ ಇರಲ್ಲ, ಆದ್ರೆ ಕೊಳ್ಳೋರು ದುಡ್ಡು ಕೊಡೋದು ಬಹುಪಾಲು ಅದಕ್ಕೇನೇ.

ಜನ ನಮ್ಮ ಕ್ಲಬ್ಬು ಅಂತ ಗುರುತಿಸೋದು ಮೂರು ವಸ್ತುಗಳಿಂದ. ಹೆಸರು, ಬ್ಯಾಡ್ಜ್, ಬಣ್ಣ. ಹೊರಗಿಂದ ಮೂರೂ ಒಂದೇ ಥರ ಕಂಡ್ರೂ ಇವುಗಳ ಕಾವಲುಗಾರರು ಬೇರೆ ಬೇರೆ, ಒಂದರ ಬಾಗಿಲಲ್ಲಿ ದೊಡ್ಡ ಬೀಗ, ಇನ್ನೊಂದರದ್ದು ಕೋರ್ಟಿನ ಕೈಲಿ, ಮೂರನೇದು ತುಂಬಾ ಕಾಲ ಬರೀ ಚಿಲಕ ಹಾಕಿದ ಬಾಗಿಲು.

ಹೆಸರಿಂದ ಶುರು ಮಾಡೋಣ. ಇಂಗ್ಲೆಂಡಿನಲ್ಲಿ ಕ್ಲಬ್ಬು ಆಡೋ ಹೆಸರು ಬದಲಾಗ್ಬೇಕು ಅಂದ್ರೆ ಅಲ್ಲಿನ ಫುಟ್‌ಬಾಲ್ ಅಸೋಸಿಯೇಷನ್, ಅಂದ್ರೆ ಎಫ್‌ಎ, ಒಪ್ಪಬೇಕು. ಅಲ್ಲಂ ಅವ್ರ ವಾದ ಸಿಂಪಲ್, ಸಿಟಿ ಅನ್ನೋದು ತೀರಾ ಸಾಮಾನ್ಯ ಪದ, ಹತ್ತಾರು ಕ್ಲಬ್ಬುಗಳ ಬಾಲದಲ್ಲಿ ಇದೆ, ಹೊರದೇಶದಲ್ಲಿ ಮಾರ್ಕೆಟ್ ಮಾಡೋಕೆ ಟೈಗರ್ಸ್‌ಗೆ ಇರೋ ಖದರ್ ಅದಕ್ಕಿಲ್ಲ ಅಂತ. ವ್ಯಾಪಾರದ ದೃಷ್ಟಿಯಿಂದ ತೀರಾ ಹುಚ್ಚು ಐಡಿಯಾ ಏನಲ್ಲ ಅನ್ಸುತ್ತೆ ನಂಗೆ, ಆದ್ರೆ ಆ ಮನುಷ್ಯ ಮಾತಾಡಿದ ರೀತಿ ಇದೆಯಲ್ಲ ಅದೇ ಕೆಡಿಸಿದ್ದು. ಹೆಸರು ಉಳಿಸಿ ಅಂತ ಹೋರಾಡ್ತಿದ್ದವ್ರು ತಮ್ಮ ಗುಂಪಿಗೆ ಸಿಟಿ ಟಿಲ್ ವಿ ಡೈ, ಅಂದ್ರೆ ಸಾಯೋ ತನಕ ಸಿಟಿ, ಅಂತ ಹೆಸರಿಟ್ಕೊಂಡಿದ್ರು, ಅದಕ್ಕೆ ಓನರ್ ಸಾಹೇಬ್ರು ಎಷ್ಟು ಬೇಗ ಬೇಕಾದ್ರೂ ಸಾಯ್ಲಿ ಅನ್ನೋ ಅರ್ಥ ಬರೋ ಹಂಗೆ ಉತ್ತರ ಕೊಟ್ರು. 2014ರ ಏಪ್ರಿಲ್‌ನಲ್ಲಿ ಎಫ್‌ಎ ಕೌನ್ಸಿಲ್ ವೋಟಿಗೆ ಹಾಕ್ತು, ಶೇಕಡಾ 63.5 ಜನ ಬೇಡ ಅಂದ್ರು. ಅಲ್ಲಂ ಬಿಡಲಿಲ್ಲ, ಪಂಚಾಯ್ತಿಗೆ ಹೋದ್ರು, 2015ರ ಮಾರ್ಚ್‌ನಲ್ಲಿ ಆ ಟ್ರಿಬ್ಯೂನಲ್ ಎಫ್‌ಎ ತೀರ್ಮಾನ ಮಾಡಿದ ಕ್ರಮ ಸರಿ ಇರಲಿಲ್ಲ ಅಂತ ಅದನ್ನ ರದ್ದು ಮಾಡ್ತು, ಎಫ್‌ಎ ಮತ್ತೆ ಕೂತು ಅದೇ ವರ್ಷ ಜುಲೈನಲ್ಲಿ ಮತ್ತೆ ಬೇಡ ಅಂತು. ಅಲ್ಲಿಗೆ ಮುಗೀತು.

ಕಂಪನಿ ಹೆಸರು ಬೇರೆ, ಟೀಮ್ ಆಡೋ ಹೆಸರು ಬೇರೆ ಅನ್ನೋದನ್ನೂ ಇಲ್ಲಿ ಗಮನಿಸಿ. ಕಂಪನಿ ಹೆಸರನ್ನ ಅಲ್ಲಂ ಮೊದಲೇ ಬದಲಾಯಿಸಿಬಿಟ್ಟಿದ್ರು, ಅದಕ್ಕೆ ತಕರಾರಿಲ್ಲ, ಆದ್ರೆ ಪಾಯಿಂಟ್ಸ್ ಟೇಬಲ್‌ನಲ್ಲಿ ಯಾವ ಹೆಸರು ಬರುತ್ತೆ ಅನ್ನೋದು ಅವ್ರ ಕೈಲಿರಲಿಲ್ಲ.

ಜರ್ಮನಿಯಲ್ಲಿ ಹೆಸರಿನ ಬೀಗ ಇನ್ನೂ ಗಟ್ಟಿ, ಕ್ಲಬ್ಬಿನ ಹೆಸರಲ್ಲಿ ಕಂಪನಿ ಜಾಹೀರಾತು ಇರಬಾರದು ಅಂತ. ಲೆವರ್‌ಕುಸೆನ್ ಟೀಮಿಗೆ ಬೇಯರ್ ಅನ್ನೋ ಔಷಧ ಕಂಪನಿ ಹೆಸರು ಇದೆಯಲ್ಲ ಅಂದ್ರೆ, ಅದು 1904ರಲ್ಲಿ ಆ ಕಾರ್ಖಾನೆಯ ಕೆಲಸಗಾರರೇ ಕಟ್ಟಿದ ಕ್ಲಬ್ಬು, ಹಾಗಾಗಿ ವಿನಾಯ್ತಿ. 2009ರಲ್ಲಿ ಎನರ್ಜಿ ಡ್ರಿಂಕ್ ಮಾರೋ ರೆಡ್ ಬುಲ್ ಕಂಪನಿಯವ್ರು ಲೈಪ್‌ಜಿಗ್ ಪಕ್ಕದ ಮಾರ್ಕ್‌ರಾನ್‌ಸ್ಟೆಟ್ ಅನ್ನೋ ಪುಟ್ಟ ಊರಿನ ಕ್ಲಬ್ಬಿನಿಂದ ಐದನೇ ಡಿವಿಷನ್‌ನಲ್ಲಿ ಆಡೋ ಹಕ್ಕು ತಗೊಂಡು ಹೊಸ ಟೀಮ್ ಶುರು ಮಾಡಿದಾಗ ರೆಡ್ ಬುಲ್ ಲೈಪ್‌ಜಿಗ್ ಅಂತ ಇಡೋ ಹಾಗಿರಲಿಲ್ಲ. ನೀವು ಚಾಪೆ ಕೆಳಗೆ ತೂರಿದ್ರೆ ನಾವು ರಂಗೋಲಿ ಕೆಳಗೆ ತೂರ್ತೀವಿ ಅಂತ ಅವ್ರು ರಾಜೆನ್‌ಬಾಲ್‌ಸ್ಪೋರ್ಟ್ ಅನ್ನೋ ಪದ ಹುಟ್ಟಿಸಿದ್ರು. ಹುಲ್ಲಿನ ಮೇಲಿನ ಚೆಂಡಾಟ ಅಂತ ಅರ್ಥ. ಚಿಕ್ಕದಾಗಿ ಬರೆದ್ರೆ ಆರ್‌ಬಿ! ಬ್ಯಾಡ್ಜ್ ಕಂಪನಿ ಲೋಗೋ ಥರನೇ ಇದೆ ಅಂತ 2014ರಲ್ಲಿ ಲೀಗ್‌ನವ್ರು ತಕರಾರು ತೆಗೆದು ಸ್ವಲ್ಪ ಬದಲಾಯಿಸಿದ್ರು, ಬಣ್ಣ ಮಾತ್ರ ಡ್ರಿಂಕ್ ಕಂಪನಿಯ ಕೆಂಪು ಬಿಳಿನೇ. 2016ಕ್ಕೆ ಟೀಮು ಜರ್ಮನಿಯ ಅತಿ ಮೇಲಿನ ಡಿವಿಷನ್ ಬುಂಡೆಸ್‌ಲೀಗಾದಲ್ಲಿತ್ತು.

ಇನ್ನು ಬ್ಯಾಡ್ಜ್. ಇದು ಟ್ರೇಡ್‌ಮಾರ್ಕ್ ವಿಷಯ, ಅಂದ್ರೆ ಆಸ್ತಿ ವಿಷಯ, ಯಾರ ಹೆಸರಲ್ಲಿದೆಯೋ ಅವ್ರದ್ದು. ಇದರ ಅತಿ ದೊಡ್ಡ ತಮಾಷೆ ನಡೆದಿದ್ದು ರೊಮೇನಿಯಾದಲ್ಲಿ. ಸ್ಟೆವಾ ಬುಕಾರೆಸ್ಟ್ ಹುಟ್ಟಿದ್ದು ಸೈನ್ಯದ ಕ್ಲಬ್ಬಾಗಿ, 1986ರಲ್ಲಿ ಯುರೋಪಿಯನ್ ಕಪ್ಪನ್ನೇ ಗೆದ್ದ ಟೀಮು. ಆಮೇಲೆ ಫುಟ್‌ಬಾಲ್ ವಿಭಾಗ ಬೇರೆಯಾಗಿ ಜಿಜಿ ಬೆಕಾಲಿ ಅನ್ನೋ ಉದ್ಯಮಿ ಕೈಗೆ ಹೋಯ್ತು. ಟೀಮ್ ಅವ್ರದ್ದಾದ್ರೂ ಹೆಸರು ಮತ್ತು ಬ್ಯಾಡ್ಜ್ ನಮ್ಮದು ಅಂತ ಸೈನ್ಯ ಕೋರ್ಟಿಗೆ ಹೋಯ್ತು, 2014ರ ಡಿಸೆಂಬರ್‌ನಲ್ಲಿ ಸೈನ್ಯನೇ ಗೆಲ್ತು. ಸೀಸನ್ ಮಧ್ಯದಲ್ಲೇ ದೇಶದ ಚಾಂಪಿಯನ್ ಟೀಮು ಬ್ಯಾಡ್ಜ್ ಇಲ್ಲದ ಜರ್ಸಿಯಲ್ಲಿ ಮೈದಾನಕ್ಕೆ ಇಳೀತು, ಸ್ಕೋರ್‌ಬೋರ್ಡ್‌ನಲ್ಲಿ ಟೀಮಿನ ಹೆಸರು ಇರಬೇಕಾದ ಜಾಗದಲ್ಲಿ ಆತಿಥೇಯರು ಅಂತ ಬಂತು. 2017ರಿಂದ ಅದು ಬರೀ ಎಫ್‌ಸಿಎಸ್‌ಬಿ. ಮನೆ ಕೊಂಡ್ಕೊಂಡು ಮನೆ ಮುಂದಿನ ನಾಮಫಲಕ ಬೇರೆಯವ್ರದ್ದು ಅಂತ ಆಮೇಲೆ ಗೊತ್ತಾದಂಗೆ. ಇಟಲಿಯ ಫಿಯೊರೆಂಟಿನಾ 2002ರಲ್ಲಿ ದಿವಾಳಿಯಾದಾಗಲೂ ಇದೇ ಕಥೆ, ಹೊಸ ಓನರ್ ಡೆಲ್ಲಾ ವಾಲೆ ಮೊದಲು ಫ್ಲೊರೆಂಶಿಯಾ ವಿಯೋಲಾ ಅಂತ ಆಡಿಸಿ, 2003ರಲ್ಲಿ ಹಳೇ ಹೆಸರನ್ನ ದುಡ್ಡು ಕೊಟ್ಟು ವಾಪಸ್ ತಗೊಂಡ್ರು.

ಓನರ್‌ಗಳಿಗೆ ಬ್ಯಾಡ್ಜ್ ಮೇಲೆ ಯಾಕಿಷ್ಟು ಕಣ್ಣು ಅಂದ್ರೆ, ಹಳೇ ಬ್ಯಾಡ್ಜುಗಳಲ್ಲಿ ಎಷ್ಟೋ ಆ ಊರಿನ ಲಾಂಛನದಿಂದ ಎತ್ಕೊಂಡಿದ್ದು ಇಲ್ಲಾ ಯಾರೋ ಯಾವಾಗ್ಲೋ ಬರೆದಿದ್ದು, ಅದರ ಮೇಲೆ ಕ್ಲಬ್ಬಿಗೆ ಗಟ್ಟಿ ಹಕ್ಕು ಸಿಗಲ್ಲ. ಹಕ್ಕಿಲ್ಲ ಅಂದ್ರೆ ಸ್ಟೇಡಿಯಂ ಹೊರಗೆ ಯಾರು ಬೇಕಾದ್ರೂ ಅದೇ ಚಿತ್ರದ ಸ್ಕಾರ್ಫ್ ಮಾರಬಹುದು. ಆರ್ಸೆನಲ್ 2002ರಲ್ಲಿ ಬ್ಯಾಡ್ಜ್ ಬದಲಾಯಿಸಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ, ಅಲ್ಲಿ ಟೇಕೋವರ್ ಏನೂ ಆಗಿರಲಿಲ್ಲ. ಜೊತೆಗೆ ಮೊಬೈಲ್ ಸ್ಕ್ರೀನ್‌ನಲ್ಲಿ ಉಗುರಿನಷ್ಟು ಜಾಗದಲ್ಲಿ ಕಾಣಬೇಕು ಅನ್ನೋ ಹೊಸ ಚಿಂತೆ, ಅದಕ್ಕೇ ಈಚೆಗೆ ಬರೋ ಬ್ಯಾಡ್ಜೆಲ್ಲಾ ಗೆರೆ ಕಮ್ಮಿ, ಬಣ್ಣ ಕಮ್ಮಿ, ಯಾವುದು ಬ್ಯಾಂಕು ಯಾವುದು ಫುಟ್‌ಬಾಲ್ ಟೀಮು ಗೊತ್ತಾಗಲ್ಲ. ಲೀಡ್ಸ್ ಯುನೈಟೆಡ್ ಕೂಡ ಹೊಸ ಓನರ್ ಬಂದ ಮರುವರ್ಷ, 2018ರ ಜನವರಿಯಲ್ಲಿ, ಎದೆ ಮೇಲೆ ಮುಷ್ಟಿ ಇಟ್ಟ ಮನುಷ್ಯನ ಚಿತ್ರದ ಬ್ಯಾಡ್ಜ್ ತೋರಿಸ್ತು, ಹತ್ತು ಸಾವಿರ ಜನರನ್ನ ಕೇಳಿನೇ ಮಾಡಿದ್ದು ಅಂತ ಬೇರೆ ಹೇಳ್ತು, ಕೆಲವೇ ದಿನದಲ್ಲಿ ಬೇಡ ಅನ್ನೋ ಮನವಿಗೆ 70,000ಕ್ಕೂ ಹೆಚ್ಚು ಸಹಿ ಬಿತ್ತು, ವಾಪಸ್ ತಗೊಂಡ್ರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ಹಂಗೆ, ಬಂದ ಹೊಸದರಲ್ಲಿ ಏನಾದ್ರೂ ಮಾಡಿ ತೋರಿಸೋ ಆತುರ.

ಈಗ ಬಣ್ಣಕ್ಕೆ ಬರೋಣ. ಚಿಲಕ ಮಾತ್ರ ಅಂದಿದ್ದು ಇದಕ್ಕೇ. ಬಣ್ಣ ಯಾರ ಟ್ರೇಡ್‌ಮಾರ್ಕೂ ಅಲ್ಲ, ನೀಲಿ ಮೇಲೆ ಹಕ್ಕು ಸ್ಥಾಪಿಸೋಕೆ ಯಾವ ಕ್ಲಬ್ಬಿಗೂ ಆಗಲ್ಲ. ಲೀಗ್‌ಗಳು ಕೇಳ್ತಿದ್ದಿದ್ದು ಇಷ್ಟೇ, ಸೀಸನ್‌ಗೆ ಮುಂಚೆ ಯಾವ ಜರ್ಸಿ ಅಂತ ರಿಜಿಸ್ಟರ್ ಮಾಡಿಸಿ, ಎದುರಾಳಿ ಟೀಮಿನದ್ದು ಮತ್ತು ರೆಫ್ರಿದು ನಿಮ್ಮದರ ಜೊತೆ ಕನ್‌ಫ್ಯೂಸ್ ಆಗಬಾರದು ಅಂತ. ಕಾರ್ಡಿಫ್ ಕೆಂಪಾಗಿದ್ದು ಹಿಂಗೆ, ಅದಕ್ಕೆ ಅಡ್ಡ ಬರೋ ರೂಲೇ ಇರಲಿಲ್ಲ. ಜನ ಎದೆಗೆ ಹಚ್ಕೊಂಡಿರೋದು ಮೂರರಲ್ಲಿ ಬಣ್ಣಾನೇ ಜಾಸ್ತಿ, ಕಾನೂನಿನ ಕಾವಲು ಅತಿ ಕಮ್ಮಿ ಇದ್ದಿದ್ದೂ ಅದಕ್ಕೇ.

ಇದರ ಕ್ರೂರ ರೂಪ ನೋಡ್ಬೇಕು ಅಂದ್ರೆ ಆಸ್ಟ್ರಿಯಾದ ಸಾಲ್ಸ್‌ಬರ್ಗ್. 1933ರಲ್ಲಿ ಹುಟ್ಟಿದ ಎಸ್‌ವಿ ಆಸ್ಟ್ರಿಯಾ ಸಾಲ್ಸ್‌ಬರ್ಗ್ ಕ್ಲಬ್ಬಿನ ಬಣ್ಣ ನೇರಳೆ ಮತ್ತು ಬಿಳಿ. 2005ರ ಏಪ್ರಿಲ್‌ನಲ್ಲಿ ರೆಡ್ ಬುಲ್ ತಗೊಂಡ ಮೇಲೆ ಹೆಸರು, ಬ್ಯಾಡ್ಜ್, ಬಣ್ಣ ಮೂರನ್ನೂ ಒಂದೇ ಏಟಿಗೆ ತೆಗೆದ್ರು, ಇದು ಹೊಸ ಕ್ಲಬ್ಬು, ಇದಕ್ಕೆ ಪರಂಪರೆನೂ ಇಲ್ಲ ಇತಿಹಾಸನೂ ಇಲ್ಲ ಅನ್ನೋ ಧಾಟಿಯಲ್ಲಿ ಮಾತು, ಹುಟ್ಟಿದ ವರ್ಷಾನೂ 2005 ಅಂತ ಬರ್ಕೊಂಡ್ರು, ಅದನ್ನ ಮಾತ್ರ ಅಲ್ಲಿನ ಫುಟ್‌ಬಾಲ್ ಸಂಸ್ಥೆ ತಿದ್ದಿಸ್ತು. ನೇರಳೆ ಸ್ವಲ್ಪನಾದ್ರೂ ಉಳಿಸಿ ಅಂತ ಅಭಿಮಾನಿಗಳು ತಿಂಗಳುಗಟ್ಟಲೆ ಮಾತುಕತೆ ಮಾಡಿದ್ರು, ಕೊನೆಗೆ ಕಂಪನಿ ಕೊಡ್ತೀನಿ ಅಂದಿದ್ದು ಏನು ಗೊತ್ತಾ? ಗೋಲ್‌ಕೀಪರ್‌ನ ಸಾಕ್ಸ್, ಕ್ಯಾಪ್ಟನ್ ತೋಳಿನ ಪಟ್ಟಿ, ಜರ್ಸಿ ಮೇಲಿನ ಅಡಿಡಾಸ್ ಗುರುತು. ಅದರಲ್ಲಿ ನೇರಳೆ ಇಟ್ಕೊಳ್ಳಿ ಅಂತ. ಬೇಡ ಅಂತ ಎದ್ದು ಬಂದ ಜನ ಅದೇ ವರ್ಷ ಹಳೇ ಹೆಸರಲ್ಲೇ ತಮ್ಮದೇ ಕ್ಲಬ್ಬು ಮಾಡ್ಕೊಂಡು ಏಳನೇ ಡಿವಿಷನ್‌ನಿಂದ ಶುರು ಮಾಡಿದ್ರು, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದು 2015ರಲ್ಲಿ ಎರಡನೇ ಡಿವಿಷನ್‌ವರೆಗೂ ಮುಟ್ಟಿದ್ರು, ದುಡ್ಡಿನ ತೊಂದರೆಯಿಂದ ಒಂದೇ ಸೀಸನ್‌ಗೆ ಕೆಳಗೆ ಬಂದಿದ್ದು ಬೇರೆ ಮಾತು. ಅತ್ತ ಕೆಂಪು ಬಿಳಿ ಸಾಲ್ಸ್‌ಬರ್ಗ್ ಸಾಲುಸಾಲು ಲೀಗ್ ಗೆಲ್ತಾ ಹೋಯ್ತು, ಅಲ್ಲಿಗೂ ಜನ ಬಂದ್ರು, ಈಗ ಅಲ್ಲಿ ಕೆಂಪು ಬಿಳಿ ನೋಡ್ಕೊಂಡೇ ಬೆಳೆದ ಒಂದು ಪೀಳಿಗೆನೇ ಇದೆ. ಅವ್ರಿಗೆ ಅದೇ ಅವ್ರ ಬಣ್ಣ, ತಪ್ಪು ಅನ್ನೋಕಾಗಲ್ಲ.

ಗುಂಪು ಕಟ್ಟೋ ಓನರ್‌ಗಳದ್ದು ಇನ್ನೊಂದು ಥರ. ಮ್ಯಾಂಚೆಸ್ಟರ್ ಸಿಟಿಯ ಓನರ್‌ಗಳ ಸಿಟಿ ಫುಟ್‌ಬಾಲ್ ಗ್ರೂಪ್ 2014ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಹಾರ್ಟ್ ತಗೊಂಡು ಮೆಲ್ಬರ್ನ್ ಸಿಟಿ ಮಾಡ್ತು. ಕೆಂಪು ಬಿಳಿ ಪಟ್ಟಿ ಬದಲು ಮ್ಯಾಂಚೆಸ್ಟರ್‌ನ ಆಕಾಶನೀಲಿ ಹಾಕಿಸೋಣ ಅಂದ್ರೆ ಸಿಡ್ನಿ ಎಫ್‌ಸಿ ಎದ್ದು ನಿಂತು ಆ ನೀಲಿ ನಮ್ಮದು ಅಂತು. ಕೊನೆಗೆ ಬಣ್ಣಕ್ಕೆ ಕಾವಲು ನಿಂತಿದ್ದು ಎದುರಾಳಿ ಟೀಮು ನೋಡಿ!

ಹಾಗಂತ ಬಣ್ಣ ಬದಲಾಯಿಸೋದೇ ಮಹಾಪಾಪ ಅಂತಲ್ಲ. ಇವತ್ತು ಪವಿತ್ರ ಅನ್ಕೊಂಡಿರೋ ಎಷ್ಟೋ ಬಣ್ಣ ಒಂದು ಕಾಲದಲ್ಲಿ ಯಾರೋ ಒಬ್ರ ಹುಕಿಯಿಂದ ಬಂದಿದ್ದೇ. ಯುವೆಂಟಸ್ ಮೊದಲು ಗುಲಾಬಿ ಬಣ್ಣದಲ್ಲಿ ಆಡ್ತಿತ್ತು, 1903ರಲ್ಲಿ ಇಂಗ್ಲೆಂಡಿನ ನಾಟ್ಸ್ ಕೌಂಟಿಯ ಕಪ್ಪು ಬಿಳಿ ಜರ್ಸಿ ತರಿಸ್ಕೊಂಡಿದ್ದು ಹಂಗೇ ಉಳೀತು. ಲೀಡ್ಸ್ ನೀಲಿ ಮತ್ತು ಹಳದಿ ಬಿಟ್ಟು ಪೂರ್ತಿ ಬಿಳಿಯಾಗಿದ್ದು 1961ರಲ್ಲಿ, ಮ್ಯಾನೇಜರ್ ಡಾನ್ ರೆವೀಗೆ ರಿಯಲ್ ಮ್ಯಾಡ್ರಿಡ್ ಥರ ಕಾಣಬೇಕು ಅನ್ಸಿತ್ತು. ಲಿವರ್‌ಪೂಲ್‌ಗೆ ತಲೆಯಿಂದ ಕಾಲಿನವರೆಗೂ ಕೆಂಪು ತೊಡಿಸಿದ್ದು 1964ರಲ್ಲಿ ಅದರ ಮ್ಯಾನೇಜರ್ ಬಿಲ್ ಶಾಂಕ್ಲಿ, ಅಲ್ಲಿವರೆಗೂ ಚಡ್ಡಿ ಬಿಳಿ. ಕ್ರಿಸ್ಟಲ್ ಪ್ಯಾಲೆಸ್ 1973ರಲ್ಲಿ ಬಣ್ಣ ಮತ್ತು ಅಡ್ಡಹೆಸರು ಎರಡನ್ನೂ ಬದಲಾಯಿಸ್ತು.

ಹಾಗಾದ್ರೆ ಅವು ಯಾಕೆ ದಕ್ಕಿದ್ವು, ಕಾರ್ಡಿಫ್‌ದು ಯಾಕೆ ದಕ್ಕಲಿಲ್ಲ? ಬಹಳ ಜನ ಹೇಳೋದು ಗೆದ್ರೆ ಎಲ್ಲಾ ಮಾಫಿ ಅಂತ. ಕಾರ್ಡಿಫ್ ಕಥೆಯಲ್ಲಿ ಅದು ನಿಲ್ಲಲ್ಲ, ಯಾಕಂದ್ರೆ ಅವ್ರು ಗೆದ್ರು! ಕೆಂಪು ಹಾಕಿದ ಮೊದಲನೇ ಸೀಸನ್‌ನಲ್ಲೇ ಎರಡನೇ ಡಿವಿಷನ್ ಚಾಂಪಿಯನ್ ಆಗಿ, 51 ವರ್ಷ ಆದಮೇಲೆ ಅತಿ ಮೇಲಿನ ಡಿವಿಷನ್‌ಗೆ ಹೋದ್ರು. ಟಾನ್ ದುಡ್ಡೂ ಹಾಕಿದ್ರು, ಕೆಂಪು ಸ್ಕಾರ್ಫ್ ಫ್ರೀಯಾಗೂ ಹಂಚಿದ್ರು, ಆದ್ರೂ ಹಾಡು ನಿಲ್ಲಲಿಲ್ಲ. ನನಗನ್ಸೋದು, ರೆವೀ ಮತ್ತು ಶಾಂಕ್ಲಿ ಬಣ್ಣ ಬದಲಾಯಿಸಿದ್ದು ಮೈದಾನದಲ್ಲಿರೋ ತಮ್ಮ ಹುಡುಗರಿಗೋಸ್ಕರ, ಎದುರಿನವ್ರಿಗೆ ದೈತ್ಯರ ಥರ ಕಾಣ್ಲಿ ಅಂತ, ಅದನ್ನ ಗ್ಯಾಲರಿಯವ್ರೂ ತಮಗೇ ಮಾಡಿದ್ದು ಅನ್ಕೊಂಡ್ರು. ಟಾನ್ ಬದಲಾಯಿಸಿದ್ದು ಇನ್ನೂ ಅಭಿಮಾನಿಗಳೇ ಆಗಿರದ ಜನಕ್ಕೋಸ್ಕರ, ಸಾವಿರಾರು ಮೈಲಿ ದೂರದ ಮಾರ್ಕೆಟ್‌ಗೋಸ್ಕರ. ಮನೇಲಿ ಇರೋರ ತಟ್ಟೆ ಎತ್ತಿ ಬರದೇ ಇರೋ ನೆಂಟರಿಗೆ ಎಲೆ ಹಾಕಿದಂಗೆ. ಮೇಲಿನ ಡಿವಿಷನ್‌ಗೆ ಹೋದ ಸೀಸನ್‌ನಲ್ಲೇ ಟೀಮು ಕೊನೇ ಸ್ಥಾನಕ್ಕೆ ಬಿದ್ದು ಕೆಳಗೆ ಬಂತು, ಟಿಕೆಟ್ ಮಾರಾಟ ಇಳೀತು, 2015ರ ಜನವರಿಯಲ್ಲಿ ಟಾನ್ ಸೋಲೊಪ್ಪಿ ನೀಲಿ ವಾಪಸ್ ತಂದ್ರು, ನಮ್ಮಮ್ಮ ಒಗ್ಗಟ್ಟು ಮುಖ್ಯ ಅಂತ ಬುದ್ಧಿ ಹೇಳಿದ್ರು ಅಂತ ಕಾರಣನೂ ಕೊಟ್ರು. ಮರುದಿನನೇ ಫುಲಮ್ ವಿರುದ್ಧ ನೀಲಿಯಲ್ಲಿ ಆಡಿ 1-0 ಗೆದ್ರು.

ನಮ್ಮ ದೇಶದ ಮೋಹನ್ ಬಗಾನ್ ಕಥೆ ಇದರ ತಿರುಗುಮುರುಗು. 1889ರ ಕ್ಲಬ್ಬು 2020ರಲ್ಲಿ ಕೋಲ್ಕತ್ತಾದ ಇನ್ನೊಂದು ಕ್ಲಬ್ಬಾದ ಎಟಿಕೆ ಓನರ್‌ಗಳ ಜೊತೆ ಕೂಡ್ಕೊಂಡಾಗ ಹಸಿರು ಮತ್ತು ಮರೂನ್ ಬಣ್ಣ ಉಳೀತು, ಆದ್ರೆ ಹೆಸರಿನ ಮುಂದೆ ಎಟಿಕೆ ಬಂತು. ಆ ಮೂರಕ್ಷರ ತೆಗೀರಿ ಅಂತ ಮೂರು ವರ್ಷ ಗಲಾಟೆ. ಕೊನೆಗೆ 2023ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ಗೆದ್ದ ರಾತ್ರಿಯೇ ಓನರ್ ಸಂಜೀವ್ ಗೋಯೆಂಕಾ ಅದನ್ನ ತೆಗೀತೀವಿ ಅಂದ್ರು, ಸೂಪರ್ ಜೈಂಟ್ ಅನ್ನೋ ಬಾಲ ಸೇರಿಸೇ ಬಿಟ್ರು ಅನ್ನೋದು ಬೇರೆ.

ಕಾರ್ಡಿಫ್ ಮತ್ತು ಹಲ್ ಎರಡೂ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಚಿಲಕದ ಬಾಗಿಲಿಗೂ ಬೀಗ ಹಾಕೋ ಮಾತು ಶುರುವಾಯ್ತು. 2021ರ ನವೆಂಬರ್‌ನಲ್ಲಿ ಆಗಿನ ಬ್ರಿಟಿಷ್ ಸಂಸದೆ ಟ್ರೇಸಿ ಕ್ರೌಚ್ ಮುಂದಾಳತ್ವದ ವರದಿ ಬಂತು, ಹೆಸರು, ಬ್ಯಾಡ್ಜ್, ಬಣ್ಣ, ಸ್ಟೇಡಿಯಂ ವಿಷಯದಲ್ಲಿ ಅಭಿಮಾನಿಗಳಿಗೆ ಗೋಲ್ಡನ್ ಶೇರ್ ಕೊಡಿ, ಅಂದ್ರೆ ದುಡ್ಡು ಹಾಕದೇನೇ ಬೇಡ ಅನ್ನೋ ಹಕ್ಕು ಕೊಡಿ ಅಂತ. ಅದು ಹಂಗೇ ಬರ್ಲಿಲ್ಲ, ಆದ್ರೆ 2025ರ ಜುಲೈನಲ್ಲಿ ಫುಟ್‌ಬಾಲ್ ಗವರ್ನೆನ್ಸ್ ಆಕ್ಟ್ ಅನ್ನೋ ಕಾನೂನು ಬಂತು. ಸರ್ಕಾರದ ಕಡೆಯಿಂದ ಒಂದು ಸ್ವತಂತ್ರ ರೆಗ್ಯುಲೇಟರ್, ಜೊತೆಗೆ ಬ್ಯಾಡ್ಜ್ ಅಥವಾ ಹೋಮ್ ಜರ್ಸಿಯ ಮುಖ್ಯ ಬಣ್ಣ ಬದಲಾಗ್ಬೇಕು ಅಂದ್ರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿರೋ ಕ್ಲಬ್ಬಿನ ಅಭಿಮಾನಿಗಳಲ್ಲಿ ಬಹುಮತ ಇದೆ ಅಂತ ಕ್ಲಬ್ಬು ಖಾತ್ರಿ ಮಾಡ್ಕೋಬೇಕು. ಹೆಸರಿಗೆ ಎಫ್‌ಎ ಒಪ್ಪಿಗೆ ಅನ್ನೋದೂ ಈಗ ಕಾನೂನಲ್ಲೇ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್ ಅನ್ನೋ ಆ ಎರಡು ಪದ ನೋಡಿ, ಟಾನ್ ಯಾರನ್ನ ಮನಸ್ಸಲ್ಲಿ ಇಟ್ಕೊಂಡು ಕೆಂಪು ಮಾಡಿದ್ರೋ ಅವ್ರು ಈ ಲೆಕ್ಕಕ್ಕೇ ಬರಲ್ಲ, ರಾತ್ರಿ ನಿದ್ದೆಗೆಟ್ಟು ಪ್ರೀಮಿಯರ್ ಲೀಗ್ ನೋಡೋ ನಾವೂ ಬರಲ್ಲ.

ಈಗಿನ ಓನರ್‌ಗಳಂತೂ ಮೊದಲೇ ಮಾತು ಕೊಟ್ಟುಬಿಡ್ತಾರೆ. ವೇಲ್ಸ್‌ನ ರೆಕ್ಸಮ್ ಕ್ಲಬ್ಬನ್ನ ಅಭಿಮಾನಿಗಳ ಟ್ರಸ್ಟಿನಿಂದ ತಗೊಳ್ಳೋಕೆ ಬಂದ ನಟರು ರಯನ್ ರೆನಾಲ್ಡ್ಸ್ ಮತ್ತು ರಾಬ್ ಮ್ಯಾಕೆಲ್‌ಹೆನಿ ಹೆಸರು ಬದಲಾಯಿಸಲ್ಲ, ಊರು ಬಿಡಲ್ಲ, ಗುರುತು ಮುಟ್ಟಲ್ಲ ಅಂದ್ರು, 2020ರ ವೋಟಿನಲ್ಲಿ ಶೇಕಡಾ 98.6 ಜನ ಸೈ ಅಂದ್ರು. 2024ರಲ್ಲಿ ರೆಡ್ ಬುಲ್ ಲೀಡ್ಸ್‌ನಲ್ಲಿ ಸಣ್ಣ ಪಾಲು ತಗೊಂಡಾಗ ಕ್ಲಬ್ಬು ಮಾಡಿದ ಮೊದಲ ಕೆಲಸ ಹೆಸರು, ಬ್ಯಾಡ್ಜ್, ಬಣ್ಣ ಹಂಗೇ ಇರುತ್ತೆ ಅಂತ ಹೇಳಿದ್ದು. ಸಾಲ್ಸ್‌ಬರ್ಗ್ ಕಥೆ ಅಲ್ಲಿ ಎಲ್ರಿಗೂ ಬಾಯಿಪಾಠ. ಬದಲಿಗೆ ಜರ್ಸಿ ಎದೆ ಮೇಲೆ ಸ್ಪಾನ್ಸರ್ ಆಗಿ ಬಂದು ಕೂತ್ರು, ಅದಕ್ಕೆ ಯಾವ ರೂಲೂ ಅಡ್ಡ ಬರಲ್ಲ.

ಸಂದಿ ಇನ್ನೂ ಇದೆ. ಕಾನೂನು ಕಾಯೋದು ಹೋಮ್ ಜರ್ಸಿನ, ಬೇರೆ ಊರಿಗೆ ಹೋದಾಗ ಹಾಕೋದನ್ನಲ್ಲ. 2021ರ ಅಕ್ಟೋಬರ್‌ನಲ್ಲಿ ಸೌದಿ ಅರೇಬಿಯಾ ಸರ್ಕಾರದ ಹೂಡಿಕೆ ಫಂಡ್ ಆದ ಪಿಐಎಫ್ ಇಂಗ್ಲೆಂಡಿನ ನ್ಯೂಕ್ಯಾಸಲ್ ಯುನೈಟೆಡ್ ತಗೊಂತು, ಹೋಮ್‌ನ ಕಪ್ಪು ಬಿಳಿ ಪಟ್ಟಿಗೆ ಕೈ ಹಾಕಲಿಲ್ಲ. ಮುಂದಿನ ಸೀಸನ್‌ಗೆ ಬಂದ ಬದಲಿ ಜರ್ಸಿಗಳಲ್ಲಿ ಒಂದು ಬಿಳಿ, ಅದರ ಅಂಚೆಲ್ಲಾ ಹಸಿರು, ಥೇಟ್ ಸೌದಿ ರಾಷ್ಟ್ರೀಯ ಟೀಮಿನ ಥರ.